ಹೆಸರು, ವಯಸ್ಸು, ತಂದೆಯ ಕೆಲಸ

ಕೋಳಿ ಕೂಗುವ ಮೊದಲೇ ಎಬ್ಬಿಸಿ
ಕೊಡದ ತಳದ ನೀರಲ್ಲಿ ಮುಖ ತೊಳೆಸಿ
ಉಗುರ ಸಂದಿಯ ಕೆಂಪು ಮಣ್ಣನ್ನು
ಬೆಂಕಿಕಡ್ಡಿಯ ಹಿಂಬದಿಯಿಂದ ಕೆದಕಿ ತೆಗೆದೆ.
ಪರೀಕ್ಷೆ ರಕ್ತಕ್ಕೆ, ಉಗುರಿಗಲ್ಲ,
ಗೊತ್ತಿತ್ತು. ಆದರೂ ತೆಗೆದೆ.

ಲುಶೋಮೊಗೆ ನಾಲ್ಕು ತುಂಬಿ ಎರಡು ತಿಂಗಳು.
ಸೈಕಲ್ಲಿನ ಮುಂಗಂಬಿಗೆ ಅವಳಮ್ಮನ ಹಳೆ ಚಿಟೆಂಗೆ ಬಟ್ಟೆ ಸುತ್ತಿ
ಕೂರಿಸಿಕೊಂಡೆ. ದಾರಿಯುದ್ದ ಬೆಲ್ಲು ಅವಳದೇ.
ಮುಚ್ಚಿದ ಗಣಿಯ ಕಪ್ಪು ದಿಬ್ಬ ಎಡಕ್ಕೆ ಬಂದಾಗ
ಕೈ ಬೀಸಿದಳು,
ಅಪ್ಪ ಅಲ್ಲೇ ಇದ್ದಾನೆಂಬಂತೆ,
ಹಿಂದೆ ಕೂತು ತುಳಿಯುತ್ತಿರುವವನು ಬೇರೆ ಯಾರೋ ಎಂಬಂತೆ.

ಕ್ಲಿನಿಕ್ಕಿನ ಮುಂದೆ ಒಂದೇ ಬೆಂಚು,
ಮೂವತ್ತು ಮಕ್ಕಳು.
ಮೊಮ್ಮಗನನ್ನು ಬೆನ್ನಿಗೆ ಕಟ್ಟಿದ ಮುದುಕಿ ಮುಸೊಂಡಾ
ಯಾರಿಗೆಂದಿಲ್ಲದೆ ಹೇಳುತ್ತಿದ್ದಳು:
'ಮಣ್ಣಲ್ಲಿ ಸೀಸ ಇದೆಯಂತೆ, ಸೀಸ!
ನಮ್ಮ ಕಾಲದಲ್ಲಿ ಮಣ್ಣಲ್ಲಿ ಮಣ್ಣಷ್ಟೇ ಇತ್ತಪ್ಪ.'
ಆಗಲೂ ಇತ್ತು ತಾಯಿ,
ಸೂಜಿ ಹಿಡಿದು ಕೇಳಲು ಯಾರೂ ಬಂದಿರಲಿಲ್ಲ ಅಷ್ಟೆ,
ಎನ್ನಬೇಕೆಂದಿದ್ದೆ. ಅವಳ ಹಲ್ಲಿಲ್ಲದ ಬಾಯಿ ನೋಡಿ ಸುಮ್ಮನಾದೆ.

ನರ್ಸ್ ನಮಕಾವು ಕಾಗದ ನೋಡಿಕೊಂಡೇ ಕೇಳಿದಳು.
ಹೆಸರು? ಹೇಳಿದೆ. ವಯಸ್ಸು? ಹೇಳಿದೆ.
ಮಣ್ಣು ತಿನ್ನುತ್ತಾಳಾ?
ಎಲ್ಲ ಮಕ್ಕಳಷ್ಟೇ.
ತಂದೆಯ ಕೆಲಸ?
'ಸೈಕಲ್ ರಿಪೇರಿ' ಅಂದೆ.
ಎಷ್ಟು ಸಲೀಸಾಗಿ ಬಂತು ಆ ಮಾತು,
ಎಣ್ಣೆ ಬಿಟ್ಟ ಚೈನಿನ ಹಾಗೆ.

'ಅಲ್ಲ' ಅಂದಳು ತೊಡೆಯ ಮೇಲಿನವಳು.
'ಅಪ್ಪ ದಿಬ್ಬದಲ್ಲಿ ಕಲ್ಲು ಒಡೀತಾನೆ.
ಸಂಜೆ ಅಂಗೀಲಿ ನಂಗೆ ಮಿಂಚು ತರ್ತಾನೆ.'

ಪೆನ್ನು ನಿಂತಿತು.
ನಮಕಾವು ನನ್ನ ಮುಖ ನೋಡಲಿಲ್ಲ, ಅದು ಅವಳ ದೊಡ್ಡತನ.
ಬರೆದಿದ್ದನ್ನು ಒಂದೇ ಗೆರೆಯಲ್ಲಿ ಹೊಡೆದು
ಮೇಲೆ ಬೇರೇನೋ ಬರೆದಳು.
ಅವಳ ರಕ್ತ ಹೇಳುವ ಮೊದಲೇ
ಅವಳೇ ಹೇಳಿಬಿಟ್ಟಿದ್ದಳು.

ಮೊದಲ ಸಲ ನರ ಸಿಗಲಿಲ್ಲ.
ಎಳೆ ತೋಳು, ನನ್ನೆರಡು ಬೆರಳ ದಪ್ಪ.
ಕಲ್ಲು ಹಿಡಿದು ಅಭ್ಯಾಸವಾದ ಈ ಕೈ
ಅವಳನ್ನು ಎಷ್ಟು ಬಿಗಿ ಹಿಡಿಯಬೇಕೆಂದು ತಿಳಿಯದೆ ನಡುಗಿತು.
ಎರಡನೇ ಸಲ ಸಿಕ್ಕಿತು.
ಸೂಜಿಗೆ ಅವಳು ಅಳಲಿಲ್ಲ.
ಅತ್ತಿದ್ದು ಆ ಪುಟ್ಟ ಕೊಳವೆಗೆ ಮುಚ್ಚಳ ಹಾಕಿ
ಬೇರೆ ಮಕ್ಕಳ ಕೊಳವೆಗಳ ಜೊತೆ ನಿಲ್ಲಿಸಿದಾಗ:
'ಅದು ನಂದು! ವಾಪಸ್ ಕೊಡ್ತಾಳಾ?'

ಹಾಲು, ಮೊಟ್ಟೆ, ಸೊಪ್ಪು,
ಉಣ್ಣುವ ಮುಂಚೆ ಕೈ ತೊಳೆಸಿ,
ಕೆಲಸದ ಬಟ್ಟೆ ಮನೆಯೊಳಗೆ ತರಬೇಡಿ.
ನಮಕಾವು ಬೆರಳು ಮಡಚಿ ಮಡಚಿ ಹೇಳಿದಳು.
ಮೊಟ್ಟೆ ಎಂದಾಗ ನಾನು ಜೇಬು ನೆನೆದೆ.

ವಾಪಸ್ ಬರುವಾಗ ಬೆಲ್ಲು ಹೊಡೆಯಲಿಲ್ಲ.
'ಎರಡು ವಾರಕ್ಕೆ ಫೋನು ಬರುತ್ತೆ' ಅಂದೆ.
'ಫೋನಲ್ಲಿ ನನ್ನ ರಕ್ತ ಬರುತ್ತಾ?'
'ಇಲ್ಲ, ಒಂದು ಅಂಕಿ ಬರುತ್ತೆ.'
ಯೋಚಿಸಿದಳು. ಅವಳಿಗೆ ಗೊತ್ತಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಹೇಳಿದಳು:
'ಹತ್ತು?'
ಅಯ್ಯೋ ನನ್ನ ಕಂದ,
ನಿನ್ನ ಲೆಕ್ಕ ದಾಟದಿರಲಿ ಅದು.

ಸಂಜೆ ಪೇರಲೆ ಮರದಡಿ ಅಂಗಿ ಕಳಚಿ
ಬಕೆಟ್ಟಿನಲ್ಲಿ ಮುಳುಗಿಸಿ ತಿಕ್ಕಿದೆ.
ತೋಳಿಗೆ ಹತ್ತಿ ಅಂಟಿಸಿಕೊಂಡೇ ಬಂದು
ಅಷ್ಟು ದೂರದಲ್ಲಿ ನಿಂತಳು.
'ಇವತ್ತು ಮಿಂಚು ಇಲ್ವಾ?'
ಇಲ್ಲವೆಂದೆ. ಇತ್ತು,
ನೀರಿನ ಮೇಲೆ ಸಣ್ಣಗೆ ಮಿನುಗುತ್ತಿತ್ತು.

ಬಕೆಟ್ ಎತ್ತಿ ನಿಂತೆ, ಎಲ್ಲಿ ಚೆಲ್ಲಲಿ?
ಬೇಲಿಯ ಬಳಿ, ಬಚ್ಚಲ ಹಿಂದೆ, ಮರದ ಬುಡಕ್ಕೆ,
ಎಲ್ಲಿ ನೋಡಿದರೂ
ಬರಿಗಾಲ ಪುಟ್ಟ ಹೆಜ್ಜೆ.